ಡೆಸ್ ಹೇಳಿದ ಒಳ್ಳೆಯ ಮಾತು

ರೇಲೀನ್ ಪಾಸ್ಕೋ ಮಾಡಿದ ಅಡುಗೆ ಚೆನ್ನಾಗಿದೆ ಎಂದು ಯಾರಾದರೂ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಬುರಾ ಊರಿನಿಂದ ಉತ್ತರಕ್ಕೆ, ಬೋಳು ಗುಡ್ಡಗಳ ನಡುವಿನ ಕುರಿ ಸಾಕುವ ಜಮೀನುಗಳಲ್ಲಿ, ಡೆಸ್‌ನ ಉಣ್ಣೆ ಕತ್ತರಿಸುವ ತಂಡ ಎಲ್ಲಿಗೆ ಹೋದರೂ ಹಿಂದೆಯೇ ರೇಲೀನಳ ಪಾತ್ರೆಗಳು ಹೋಗುತ್ತವೆ. ಆಲೂಗಡ್ಡೆ ಸುಲಿಯಲು, ಪಾತ್ರೆ ತೊಳೆಯಲು ನಾನೂ ಹೋಗುತ್ತೇನೆ. ಬೆಳಗ್ಗೆ ಮೊಟ್ಟೆ ಮತ್ತು ಕುರಿಯ ಚಾಪ್ಸ್. ಉಣ್ಣೆ ಕತ್ತರಿಸುವ ಶೆಡ್ಡಿನ ಗಂಟೆ ಹೊಡೆದು ಗಂಡಸರು ಸ್ಮೋಕೋಗೆ, ಅಂದರೆ ಚಹಾ ವಿರಾಮಕ್ಕೆ, ಬರುವ ಹೊತ್ತಿಗೆ ಬಿಸಿ ಸ್ಕೋನ್ ಎಂಬ ಪುಟ್ಟ ಬನ್ನು, ಜಾಮ್, ಕೆನೆ. ಮಧ್ಯಾಹ್ನಕ್ಕೆ ರೋಸ್ಟು, ಕುಂಬಳಕಾಯಿ, ಬಟಾಣಿ. ಮತ್ತೆ ಚಹಾ. ಸಂಜೆ ಮತ್ತೆ ಊಟ. ತಟ್ಟೆಗೆ ಅಂಟಿದ ಗ್ರೇವಿಯನ್ನೂ ಬ್ರೆಡ್ಡಿನ ಚೂರಿನಲ್ಲಿ ಒರೆಸಿ ತಿಂದು, ಕುರ್ಚಿ ಹಿಂದಕ್ಕೆ ಸರಿಸಿ, ಒಬ್ಬರಾದ ಮೇಲೆ ಒಬ್ಬರು ಹೇಳುವ ಮಾತು ಒಂದೇ:

“ಪರವಾಗಿಲ್ಲ, ರೇ.”

ನಮ್ಮ ಕಡೆ ಅದೇ ಹೊಗಳಿಕೆ. ಬರ ಕಳೆದು ಹಳ್ಳ ತುಂಬಿದರೆ ಮಳೆ ಪರವಾಗಿಲ್ಲ. ಮೊದಲ ಮೊಮ್ಮಗು ಹುಟ್ಟಿದರೆ ಮಗು ಪರವಾಗಿಲ್ಲ. ನಮ್ಮ ಫುಟ್‌ಬಾಲ್ ತಂಡ ಫೈನಲ್ ಗೆದ್ದ ಸಂಜೆ ಪಬ್ಬಿನ ತುಂಬ ಕೇಳಿಬಂದದ್ದು “ಪರವಾಗಿಲ್ಲ ಆಡಿದ್ರು” ಎಂಬ ಮಾತೇ. ಅದಕ್ಕಿಂತ ಮೇಲಿನ ಮಾತು ಆಡಿದವನನ್ನು ಜನ ಸ್ವಲ್ಪ ದೂರ ನಿಂತು ನೋಡುತ್ತಾರೆ, ಏನೋ ಮಾರಲು ಬಂದವನೆಂಬಂತೆ. ತನ್ನನ್ನು ತಾನೇ ಹೊಗಳಿಕೊಂಡವನ ಕಥೆಯಂತೂ ಮುಗಿದಂತೆ. ಅವನ ಮೊಮ್ಮಕ್ಕಳಿಗೂ ಅಡ್ಡಹೆಸರು ಉಳಿಯುತ್ತದೆ.

ರೇಲೀನ್ ಅಡುಗೆಯವಳಾಗಬೇಕೆಂದು ಬಂದವಳಲ್ಲ. ಕಾಲ್ ಪಾಸ್ಕೋನನ್ನು ಮದುವೆಯಾದ ವರ್ಷವೇ ಅವಳ ಅತ್ತೆಗೆ ಸೊಂಟ ಹಿಡಿಯಿತು. ತಂಡಕ್ಕೆ ಬೇಯಿಸಿ ಹಾಕುತ್ತಿದ್ದವರು ಅತ್ತೆ. ಒಂದು ಶೆಡ್ಡಿನ ಕೆಲಸ ಮುಗಿಯುವ ಮಟ್ಟಿಗೆ ನೀನು ನೋಡಿಕೋ ಎಂದರು. ಅದಾದ ಮೇಲೆ ಇನ್ನೊಂದು ಶೆಡ್ಡು. ನೀನೇ ಮುಂದುವರಿಸು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಸಾಕು ಎಂದೂ ಹೇಳಲಿಲ್ಲ. ಕಾಲ್ ಕುರಿಯ ಉಣ್ಣೆ ಕತ್ತರಿಸುವವನು. ದಿನದ ಕೊನೆಯ ಗಂಟೆ ಹೊಡೆದರೆ ಅವನ ಕೆಲಸ ಮುಗಿಯಿತು. ಬೆನ್ನು ಚಾಚಿ ಬಿಯರ್ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾನೆ. ರೇಲೀನಳಿಗೆ ಆ ಗಂಟೆ ಒಲೆ ಹಚ್ಚುವ ಗಂಟೆ. ವಾರದ ಕೊನೆಗೆ ಮನೆಗೆ ಹೋದರೆ ಉಣ್ಣೆಯ ಜಿಡ್ಡು ಹತ್ತಿ ಹಲಗೆಯಂತಾದ ಅವನ ಪ್ಯಾಂಟುಗಳು ಒಗೆಯಲು ಕಾದಿರುತ್ತವೆ. ಹೀಗೆ ಹಿಂಡಿ, ನಾದಿ, ಎತ್ತಿ ಅವಳ ಎರಡೂ ಮಣಿಕಟ್ಟು ಕೆಟ್ಟಿವೆ. ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬಿಸಿನೀರಲ್ಲಿ ಕೈ ಅದ್ದಬೇಕು. ಡಾಕ್ಟರು ಕೈಗೆ ವಿಶ್ರಾಂತಿ ಕೊಡಿ ಎಂದಾಗ ಅವಳು, ಯಾವ ಕೈಗೆ ಮೊದಲು ಎಂದು ಕೇಳಿದ್ದಳಂತೆ.

ಅವಳ ಮಗಳು ಕೆರೆನ್ಸಾ. ಆ ವರ್ಷ ಹನ್ನೆರಡನೆಯ ತರಗತಿ. ನಮ್ಮ ಶಾಲೆಯಲ್ಲಿ ಪುಸ್ತಕದ ಪಾಠದ ಜೊತೆಗೆ ಒಂದು ವೃತ್ತಿಯನ್ನೂ ಕಲಿಯಬಹುದು. ಅವಳು ಆರಿಸಿಕೊಂಡದ್ದು ಉಣ್ಣೆ ವಿಂಗಡಣೆ. ಶಾಲೆಯಿಲ್ಲದ ದಿನಗಳಲ್ಲಿ ಡೆಸ್‌ನ ಶೆಡ್ಡಿನಲ್ಲಿ ಕೆಲಸ. ಕತ್ತರಿಸಿ ಬಿದ್ದ ತುಪ್ಪಟವನ್ನು ನೆಲದಿಂದ ಬಾಚಿ ಎತ್ತಿ ಬಲೆ ಬೀಸಿದಂತೆ ಮೇಜಿನ ಮೇಲೆ ಎಸೆಯಬೇಕು. ಮಡಿಕೆ ಬೀಳದೆ ಒಂದೇ ಸಲಕ್ಕೆ ಹರಡಿಕೊಳ್ಳಬೇಕು. ಅಂಚಿನ ಕೊಳೆ, ಮುಳ್ಳು, ಬೆವರು ಹತ್ತಿದ ಭಾಗಗಳನ್ನು ಕಿತ್ತು ಬೇರೆ ಹಾಕಬೇಕು. ಒಂದು ಎಳೆಗೊಂಚಲನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಮೀಟಿದರೆ ಗಟ್ಟಿ ಉಣ್ಣೆಗೆ ಒಂದು ಸದ್ದು, ಬರದ ವರ್ಷದ ಲಡ್ಡು ಉಣ್ಣೆಗೆ ಇನ್ನೊಂದು. ಅದನ್ನು ಕೇಳಿ ಯಾವ ಉಣ್ಣೆ ಯಾವ ಗೂಡಿಗೆ ಎಂದು ಹೇಳುವವನೇ ವಿಂಗಡಣೆಗಾರ. ನಮ್ಮ ತಂಡದಲ್ಲಿ ಆ ಕೆಲಸ ಡೆಸ್‌ನದೇ. ತಂಡದ ಯಜಮಾನನೂ ಅವನೇ. ಆ ವರ್ಷ ಅವನು ಮೇಜಿನ ಒಂದು ಕಡೆ ಕೆರೆನ್ಸಾಳನ್ನು ನಿಲ್ಲಿಸಿ ತಾನು ಹೊರಗೆ ಹೋಗಿ ಬೇಲಿಗೊರಗಿ ಫೋನಿನಲ್ಲಿ ಹರಟುತ್ತಿದ್ದ. ಹಿಂದೆ ಯಾರ ಕೈಗೂ ಅವನು ಆ ಮೇಜು ಬಿಟ್ಟುಕೊಟ್ಟದ್ದಿಲ್ಲ.

ಶಾಲೆಯ ಎಲೆನಿ ಟೀಚರ್ ಕೆರೆನ್ಸಾಳ ಹೆಸರನ್ನು ಅಡಿಲೇಡಿಗೆ ಕಳಿಸಿದರು. ಹನ್ನೆರಡನೆಯ ತರಗತಿ ಮುಗಿಸುವವರಲ್ಲೂ ವೃತ್ತಿ ಕಲಿಯುವವರಲ್ಲೂ ಎದ್ದು ಕಾಣುವಂಥವರಿಗೆ ಅಲ್ಲಿ ಪ್ರತಿ ವರ್ಷ ಪುರಸ್ಕಾರ ಕೊಡುತ್ತಾರೆ. ಫಲಕ, ಫೋಟೋ, ಚಪ್ಪಾಳೆಗಳ ಮಾತು ಹಾಗಿರಲಿ. ಉಣ್ಣೆಯವರಲ್ಲಿ ಯಾರಿಗೆ ಅದು ಬಂತೋ ಅವರನ್ನು ಪೋರ್ಟಿನ, ಅಂದರೆ ಅಡಿಲೇಡಿನ ಬಂದರಿನ, ಉಣ್ಣೆ ಕೋಠಿಯವರು ತಾವಾಗಿಯೇ ಕರೆದು ಕೆಲಸಕ್ಕಿಟ್ಟುಕೊಂಡು ಪೂರ್ತಿ ವಿಂಗಡಣೆಗಾರರನ್ನಾಗಿ ತಯಾರು ಮಾಡುತ್ತಾರೆ. ಕೆರೆನ್ಸಾಳಿಗೆ ಬೇಕಾಗಿದ್ದದ್ದು ಅದು.

ಈ ಸುದ್ದಿ ಹೇಳಿದ ಸಂಜೆ ಕಾಲ್ ಮಗಳಿಗೆ ಅಡ್ಡ ಬರಲಿಲ್ಲ.

“ಸಿಟಿಯವರು ನಿನ್ನ ಆರಿಸಿದ್ರೆ ಹೋಗು. ನಾನೇನು ಹಿಡ್ಕೊಳ್ಳಲ್ಲ,” ಎಂದ. ಆಮೇಲೆ ಫೋರ್ಕಿನ ತುದಿಯಿಂದ ಹೆಂಡತಿಯ ಕಡೆ ತೋರಿಸಿ, “ಆರಿಸ್ಲಿಲ್ಲ ಅಂದ್ರೆ ಅಮ್ಮನ ಕೈ ನೋಡು, ಹೆಂಗಾಗಿದೆ. ಮುಂದಿನ ಸೀಸನ್ನಿಗೆ ಅಡುಗೆಗೆ ಒಬ್ರು ಬೇಕಲ್ಲ,” ಎಂದ.

ಡೆಸ್‌ನ ಲೆಕ್ಕವೂ ಅದೇ. ಇಡೀ ತಂಡದ ಲೆಕ್ಕವೂ ಅದೇ. ಗಂಡಸರಲ್ಲಿ ಯಾರ ಕೈ ಕೆಟ್ಟರೂ ಹೊಸಬನನ್ನು ಹುಡುಕಲು ಜಾಹೀರಾತು ಹಾಕುತ್ತಾರೆ. ಅಡುಗೆಯವಳ ಕೈ ಕೆಟ್ಟರೆ ಅವಳ ಮಗಳ ಕಡೆ ನೋಡುತ್ತಾರೆ. ಮರುದಿನ ಹಿಟ್ಟು ಕಲಸುತ್ತಾ ರೇಲೀನ್ ನನ್ನ ಹತ್ತಿರ ಮಾತ್ರ ಹೇಳಿದಳು: “ನನ್ನ ಕೈ ಕೆಟ್ಟಿದ್ದು ಅವಳ ಕೈಗೆ ಸೌಟು ಕೊಡೋಕಲ್ಲ.”

ಆರಿಸುವವರು ಕೆಲಸ ಕೊಟ್ಟವರನ್ನು ಫೋನಿನಲ್ಲಿ ವಿಚಾರಿಸುತ್ತಾರೆ ಎಂದು ಎಲೆನಿ ಟೀಚರ್ ಮೊದಲೇ ತಿಳಿಸಿದ್ದರು. ಆ ಫೋನು ಬಂದಾಗ ನಾವು ಗುಡ್ಡದಾಚೆಯ ಒಂದು ದೊಡ್ಡ ಜಮೀನಿನಲ್ಲಿದ್ದೆವು. ಅಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಕಿಟಕಿಯ ಕಟ್ಟೆಯಲ್ಲಿ ಮಾತ್ರ. ಫೋನು ಅಲ್ಲೇ ಇಟ್ಟು ಸ್ಪೀಕರ್ ಹಾಕಿ ಕೂಗಿ ಮಾತಾಡಬೇಕು. ಸ್ಮೋಕೋ ಹೊತ್ತು. ಇಡೀ ತಂಡ ಮೇಜಿನ ಸುತ್ತ ಕೂತಿತ್ತು. ಕೆರೆನ್ಸಾ ಅವತ್ತು ಶೆಡ್ಡಿನಿಂದ ಎಲ್ಲರಿಗಿಂತ ಮೊದಲೇ ಬಂದು, ಕೈ ತೊಳೆದು, ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದಳು. ಅವಳೂ ಅವರಷ್ಟೇ ಹೊತ್ತು ದುಡಿದಿದ್ದಳು ಎನ್ನುವುದು ಯಾರಿಗೂ ಹೊಳೆದಂತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಹೊಳೆದಿರಲಿಲ್ಲ.

ಡೆಸ್ ಅರ್ಧ ತಿಂದ ಸ್ಕೋನ್ ಕೈಯಲ್ಲಿ ಹಿಡಿದೇ ಕಿಟಕಿಯ ಹತ್ತಿರ ಹೋದ. ಆ ಕಡೆ ಒಬ್ಬ ಹೆಂಗಸಿನ ದನಿ. ತುಂಬ ಮರ್ಯಾದೆಯ ದನಿ. ಕೆರೆನ್ಸಾ ಪಾಸ್ಕೋ ಬಗ್ಗೆ ಒಂದೆರಡು ಪ್ರಶ್ನೆ ಕೇಳಬಹುದೇ ಎಂದಳು. ಸ್ಮೋಕೋ ಮುಗಿಯುವ ತನಕ ಕೇಳಬಹುದು ಎಂದ ಡೆಸ್.

“ಅವಳ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯ ಏನು?”

“ಹುಡುಗಿ ಪರವಾಗಿಲ್ಲ.”

ಮೇಜಿನ ಸುತ್ತ ಚಮಚದ ಸದ್ದು ನಿಂತಿತು. ಹಿಂದೆ ಬಂದುಹೋದ ಯಾವ ಹುಡುಗನಿಗೂ ಡೆಸ್ ಆ ಮಾತು ಹೇಳಿದ್ದಿಲ್ಲ. ಬಹುಪಾಲು ಹುಡುಗರಿಗೆ ಅವನು ಹೇಳುತ್ತಿದ್ದದ್ದು ಬಾಗಿಲು ಎಲ್ಲಿದೆ ಎಂದು.

“ಪರವಾಗಿಲ್ಲ ಅಂದ್ರೆ? ಸ್ವಲ್ಪ ಬಿಡಿಸಿ ಹೇಳಬಹುದಾ?”

“ಅಂದ್ರೆ, ಪರವಾಗಿಲ್ಲ.” ಡೆಸ್ ಸ್ವಲ್ಪ ಯೋಚಿಸಿದ. “ಬರ್ತಾಳೆ. ಒಂದು ಸಲ ಹೇಳಿದ್ದನ್ನ ಎರಡನೇ ಸಲ ಹೇಳೋದು ಬೇಡ.”

“ನಾಯಕತ್ವದ ಗುಣ ಏನಾದ್ರೂ ಕಂಡಿದ್ದೀರಾ?”

“ಕೂಗಾಡಲ್ಲ.”

“ಬೇರೆಯವರಲ್ಲಿ ಇಲ್ಲದ್ದು, ಅವಳಲ್ಲಿ ಮಾತ್ರ ಇರೋದು ಏನಾದ್ರೂ?”

ಡೆಸ್ ಸ್ಕೋನಿನ ಕಡೆ ನೋಡಿದ. ಅವನಿಗೆ ಇನ್ನೂ ಏನಾದರೂ ಒಳ್ಳೆಯದು ಹೇಳಬೇಕೆಂದು ನಿಜವಾಗಿಯೂ ಇತ್ತು. ಅವನ ಕುತ್ತಿಗೆ ಕೆಂಪಾದದ್ದನ್ನು ನಾನೇ ಕಂಡೆ. “ಅವಳಮ್ಮ ನಮ್ಮ ಅಡುಗೆಯವಳು,” ಎಂದ. “ಇವಳು ಅಲ್ಲೂ ಕೈ ಹಾಕ್ತಾಳೆ. ಚಹಾ ಕೊಡ್ತಾಳೆ, ಪಾತ್ರೆ ತೊಳೀತಾಳೆ. ಹೇಳೋದೇ ಬೇಡ.”

ಆ ಕಡೆ ಕೀಬೋರ್ಡಿನ ಟಕಟಕ ಸದ್ದು. ಥ್ಯಾಂಕ್ಯೂ ಎಂದಳು. ಫೋನು ಇಟ್ಟಳು.

ಅಡುಗೆಮನೆಗೆ ಹಬ್ಬದ ಕಳೆ ಬಂದಿತ್ತು. ಕೆಂಗೂದಲಿನವನಾದ್ದರಿಂದ ನಮ್ಮ ಕಡೆಯ ಉಲ್ಟಾ ತಮಾಷೆಗೆ ನಾವೆಲ್ಲ ಬ್ಲೂಯಿ, ಅಂದರೆ ನೀಲಿ, ಎಂದು ಕರೆಯುವ ಹಿರಿಯ ಕತ್ತರಿಗಾರ ಕೆರೆನ್ಸಾಳ ತಲೆಯ ಮೇಲಿನ ಟೋಪಿಯನ್ನು ಅವಳ ಕಣ್ಣಿನ ತನಕ ಎಳೆದು, “ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ,” ಎಂದ. ಕಾಲ್ ಎದ್ದು ಹೊರಗೆ ಹೋಗಿ ಸುಮ್ಮನೆ ನೀರಿನ ಟ್ಯಾಂಕಿನ ಹತ್ತಿರ ನಿಂತು ಬಂದ. ರೇಲೀನ್ ಡೆಸ್‌ನ ತಟ್ಟೆಗೆ ಕೇಳದೆಯೇ ಇನ್ನೊಂದು ಸ್ಕೋನ್ ಹಾಕಿದಳು, ಮೇಲೆ ಕೆನೆಯ ಗುಡ್ಡೆ. ಅವನು ಅಷ್ಟು ಹೇಳಿಬಿಡುತ್ತಾನೆಂದು ಅವಳು ಎಣಿಸಿರಲಿಲ್ಲ. ಸಂಜೆ ಪಾತ್ರೆ ಒರೆಸುವಾಗ, ಮಗಳಿಗೆ ಪೋರ್ಟಿನಲ್ಲಿ ಉಳಿಯಲು ಯಾರ ಮನೆ ಸಿಕ್ಕೀತು ಎಂದು ನಾವಿಬ್ಬರೂ ಯೋಚಿಸಿದೆವು.

ಫಲಿತಾಂಶ ಬಂದ ಮೇಲೆ ಎಲೆನಿ ಟೀಚರ್ ಕಾರು ತೆಗೆದುಕೊಂಡು ನಾವಿನ್ನೂ ಇದ್ದ ಆ ಶೆಡ್ಡಿಗೇ ಬಂದರು. ಗಂಡಸರು ಒಳಗೆ ಕೆಲಸದಲ್ಲಿದ್ದರು. ಯಂತ್ರಗಳ ಗುಂಯ್ ಸದ್ದು ಅಡುಗೆಮನೆಗೂ ಬರುತ್ತಿತ್ತು. ಟೀಚರು ಕುರ್ಚಿಯ ತುದಿಯಲ್ಲಿ ಕೂತು, ಕೆರೆನ್ಸಾಳ ಹೆಸರಿಲ್ಲ ಎಂದರು. ವೃತ್ತಿ ಕಲಿಯುವವರ ಪುರಸ್ಕಾರ ಒಬ್ಬ ಮರಗೆಲಸದ ಹುಡುಗನಿಗೆ ಬಂದಿತ್ತು. ಅವನ ಯಜಮಾನ, ಇಂಥ ಕೈ ನನ್ನ ಜೀವಮಾನದಲ್ಲೇ ಕಂಡಿಲ್ಲ ಎಂದು ಹೇಳುತ್ತಾ ಫೋನಿನಲ್ಲೇ ಅತ್ತುಬಿಟ್ಟನಂತೆ.

“ಆ ಹುಡುಗನಿಗೂ ಕೆಲಸ ಬರ್ತಿರಬಹುದು. ಅವನ ಮೇಲೆ ನನಗೇನೂ ಇಲ್ಲ,” ಎಂದಳು ರೇಲೀನ್. “ಇವಳದ್ದೇನು ಕಮ್ಮಿಯಾಯ್ತಂತೆ?”

ಟೀಚರಿಗೆ ಹೇಳಲು ಕಷ್ಟವಾಯಿತು. ಅವರು ಸಿಟಿಯಿಂದ ನಮ್ಮ ಶಾಲೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಂಕಗಳಲ್ಲಿ ಕೆರೆನ್ಸಾ ಎಲ್ಲರಿಗಿಂತ ಮುಂದಿದ್ದಳು, ಪರೀಕ್ಷೆ ಮಾಡಿದವರೂ ಮೆಚ್ಚಿ ಬರೆದಿದ್ದರು ಎಂದರು. ಕೊನೆಗೆ ತಡೆದು ತಡೆದು ಹೇಳಿದರು: “ಕೆಲಸ ಕೊಟ್ಟವರಿಗೆ ಅವಳ ಬಗ್ಗೆ ಅಂಥ ಅಭಿಪ್ರಾಯ ಇಲ್ಲ ಅನ್ನಿಸ್ತಂತೆ. ಪರವಾಗಿಲ್ಲ, ಬರ್ತಾಳೆ, ಅಷ್ಟೇ ಹೇಳಿದ್ರಂತೆ. ಮತ್ತೆ ಅವಳನ್ನ ಹೆಚ್ಚಾಗಿ ಅಡುಗೆಮನೆ ಕೆಲಸಕ್ಕೇ ಇಟ್ಕೊಂಡ ಹಾಗಿದೆ ಅಂತ.”

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ರೇಲೀನ್ ಒಲೆಯ ಮೇಲಿದ್ದ ಹಾಲು ಉಕ್ಕುವುದನ್ನು ನೋಡುತ್ತಲೇ ನಿಂತಳು. ಉಕ್ಕಿ, ಒಲೆಯ ಮೇಲೆ ಹರಿದು, ಸುಟ್ಟ ವಾಸನೆ ಬಂದ ಮೇಲೆ ಒಲೆ ಆರಿಸಿದಳು. ಆಮೇಲೆ ಅದನ್ನು ಒರೆಸಬೇಕಾದವಳೂ ಅವಳೇ.

ಕೆರೆನ್ಸಾಳಿಗೆ ವಿಷಯವನ್ನು ಟೀಚರೇ ಶೆಡ್ಡಿನ ಬಾಗಿಲಲ್ಲಿ ಕರೆದು ತಿಳಿಸಿದರು. ಹುಡುಗಿ ತಲೆಯಾಡಿಸಿ, ತಿರುಗಿ ಮೇಜಿಗೆ ಹೋಗಿ, ಮುಂದಿನ ತುಪ್ಪಟ ಎತ್ತಿದಳಂತೆ. ಸ್ಮೋಕೋಗೆ ಬಂದಾಗ ಎಂದಿನಂತೆ ಚಹಾದ ಪಾತ್ರೆಗೆ ಕೈ ಹಾಕಿದಳು. ರೇಲೀನ್ ಅವಳ ಕೈಯಿಂದ ಅದನ್ನು ಕಿತ್ತುಕೊಂಡು, “ಕೂತ್ಕೋ,” ಎಂದಳು. ಮಗಳು ಎಲ್ಲಿ ಕೂರುವುದೆಂದು ತಿಳಿಯದೆ ನಿಂತಳು. ಮೇಜಿನ ಸುತ್ತ ಇದ್ದ ಕುರ್ಚಿಗಳು ಗಂಡಸರ ಲೆಕ್ಕಕ್ಕೆ ಸರಿಯಾಗಿದ್ದವು.

ರೇಲೀನ್ ಡೆಸ್‌ನನ್ನು ತೊಟ್ಟಿಯ ಹತ್ತಿರ ಕರೆದಳು. ಆದದ್ದನ್ನೆಲ್ಲ ಹೇಳಿದಳು. ಡೆಸ್‌ಗೆ ಮೊದಲು ನಂಬಿಕೆಯೇ ಬರಲಿಲ್ಲ.

“ನಾನು ಒಳ್ಳೇದೇ ಹೇಳಿದ್ನಲ್ಲ, ರೇ. ನೀನೇ ಇಲ್ಲಿ ನಿಂತಿದ್ದೆ.”

“ಪರವಾಗಿಲ್ಲ ಅಂದೆ.”

“ಅದೇ ಮತ್ತೆ!”

“ಅವರಿಗೆ ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಂತಷ್ಟೇ, ಡೆಸ್.”

ಡೆಸ್ ಅವಳ ಮುಖ ನೋಡಿದ. ಅವನ ಮುಖದಲ್ಲಿ ತಪ್ಪು ಮಾಡಿದವನ ಕಳೆ ಇರಲಿಲ್ಲ. ಅವಮಾನವಾದವನ ಕಳೆ ಇತ್ತು. ಅವನ ಪ್ರಕಾರ ಅವನು ಊರಲ್ಲಿ ಯಾರಿಗೂ ಕೊಡದ್ದನ್ನು ಕೊಟ್ಟಿದ್ದ, ಸಿಟಿಯವರು ಅದನ್ನು ನೆಲಕ್ಕೆ ಹಾಕಿದ್ದರು. ರೇಲೀನ್ ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆ ಹೆಂಗಸಿಗೆ ಈಗಲೇ ಫೋನು ಮಾಡು ಎಂದಳು. ಮಾಡಿದ. ಅವಳು ತುಂಬ ಮರ್ಯಾದೆಯಿಂದಲೇ, ಈ ವರ್ಷದ್ದು ಮುಗಿಯಿತು, ಶಾಲೆ ಮುಗಿಸಿದವರಿಗೆ ಮುಂದಿನ ವರ್ಷ ಅವಕಾಶವಿಲ್ಲ ಎಂದಳು. ಆದರೂ ಏನಾದರೂ ಸೇರಿಸುವುದಿದ್ದರೆ ಹೇಳಿ ಎಂದಳು. ಡೆಸ್ ಕಟ್ಟೆಗೆ ಎರಡೂ ಕೈಯೂರಿ ನಿಂತ. ಹಿಂದೆ ಹತ್ತು ಜೊತೆ ಕಣ್ಣು. “ಹುಡುಗಿ... ತುಂಬ,” ಎಂದ. ಗಂಟಲು ಸರಿಮಾಡಿಕೊಂಡ. “ತುಂಬಾನೇ ಪರವಾಗಿಲ್ಲ,” ಎಂದ.

ಬ್ಲೂಯಿ ಕೂಡ ನಗಲಿಲ್ಲ.

ಫೋನು ಮುಗಿಸಿ ಡೆಸ್ ರೇಲೀನಳ ಭುಜ ತಟ್ಟಲು ಹೋದ. “ಹೋಗ್ಲಿ ಬಿಡು. ಅಡುಗೆಮನೆ ಎಲ್ಲಿಗೂ ಓಡಿಹೋಗಲ್ಲ. ಮುಂದಿನ ಸೀಸನ್ನಿಂದ ಅವಳಿಗೇ ಕೊಡೋಣ.”

ಅವನು ಸಮಾಧಾನ ಹೇಳುತ್ತಿದ್ದ. ಅದೇ ನನಗೆ ಈಗಲೂ ಮೈ ಉರಿಸುವ ವಿಷಯ. ದ್ವೇಷದಿಂದ ಹೇಳಿದ್ದರೆ ಬೈದುಬಿಡಬಹುದಿತ್ತು.

ಅವತ್ತು ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಕೆರೆನ್ಸಾ ಅಡುಗೆಮನೆಗೆ ಬಂದು ಅಮ್ಮನಿಗೆ ಒಂದು ಪ್ರಶ್ನೆ ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ.

“ಅವರು ನಿನಗೆ ಫೋನ್ ಮಾಡಿದ್ರೆ ನೀನೇನು ಹೇಳ್ತಿದ್ದೆ, ಅಮ್ಮ?”

ರೇಲೀನ್ ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು. ಉಣ್ಣೆಯ ಬಗ್ಗೆ ನನಗೇನು ಗೊತ್ತು, ನಾನು ಶೆಡ್ಡಿನೊಳಗೆ ಎಂದಾದರೂ ಬಂದಿದ್ದೇನಾ ಎಂದಳು. ನಿಜವೇ. ಬೆಳಗಿನಿಂದ ಸಂಜೆಯವರೆಗೆ ಐದು ಸಲ ಊಟ-ತಿಂಡಿ ಇಡುವವಳಿಗೆ ಅಂಗಳ ದಾಟಿ ಮಗಳ ಕೆಲಸ ನೋಡಲು ಬಿಡುವಿಲ್ಲ. ಕೆರೆನ್ಸಾ ಒಂದು ಕ್ಷಣ ಅಮ್ಮನನ್ನೇ ನೋಡಿದಳು. ಆಮೇಲೆ ಕಟ್ಟೆಯ ಹತ್ತಿರ ಹೋಗಿ ತನ್ನ ಫೋನು ಇಟ್ಟು ಪೋರ್ಟಿನ ಕೋಠಿಗೆ ತಾನೇ ಕರೆ ಮಾಡಿದಳು.

ಅಲ್ಲಿನ ಮೇಲ್ವಿಚಾರಕ ಮಾತಿಗೆ ಸಿಕ್ಕಿದ. ಕೆರೆನ್ಸಾ ಹೆಸರು, ಊರು ಹೇಳಿದಳು. ಕಲಿತದ್ದು ಹೇಳಿದಳು. ಅವನು, ನಿನಗೆ ಎಷ್ಟು ಮಟ್ಟಿಗೆ ಬರುತ್ತಮ್ಮ ಎಂದ. ಹುಡುಗಿಯ ಕಿವಿ ಕೆಂಪಾಯಿತು. ಕಾಲ್ ಆಗಷ್ಟೇ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ.

“ಚೆನ್ನಾಗಿ ಬರುತ್ತೆ,” ಎಂದಳು ಕೆರೆನ್ಸಾ. “ನಮ್ಮ ಶೆಡ್ಡಿನಲ್ಲಿ ಡೆಸ್ ಬಿಟ್ರೆ ನನಗೇ ಚೆನ್ನಾಗಿ ಬರೋದು.”

ಕಾಲ್ ಒಂದೇ ಬೂಟಿನಲ್ಲಿ ಎದ್ದು ಹೊರಗೆ ಹೋದ. ಮಗಳು ಬಟ್ಟೆಯಿಲ್ಲದೆ ನಿಂತಿದ್ದರೆ ಹೇಗೆ ಹೋಗುತ್ತಿದ್ದನೋ ಹಾಗೆ. ನನಗೂ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ನಮ್ಮೂರಲ್ಲಿ ಹುಟ್ಟಿದವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದೇ ಅದು ಮೊದಲ ಸಲ. ರೇಲೀನ್ ಮಾತ್ರ ಅಲುಗಾಡದೆ ಮಗಳ ಪಕ್ಕದಲ್ಲಿ, ನೆನೆದ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದಳು.

ಮೇಲ್ವಿಚಾರಕ, ಸರಿ, ನಿಮ್ಮ ಯಜಮಾನರ ಒಂದು ಮಾತು ಬೇಕು, ನಾಳೆ ಸ್ಮೋಕೋ ಹೊತ್ತಿಗೆ ನಾನೇ ಮಾಡುತ್ತೇನೆ ಎಂದ.

ಮತ್ತೆ ಅಲ್ಲಿಗೇ ಬಂತು. ಡೆಸ್‌ನ ಬಾಯಿಗೇ.

ಮರುದಿನ ಬೆಳಗಿನ ಊಟಕ್ಕೆ ಕೂತ ಡೆಸ್‌ನ ಮುಂದೆ ರೇಲೀನ್ ತಟ್ಟೆ ಇಡಲಿಲ್ಲ. ಅವನ ಎದುರು ಕೂತಳು. ಅವಳು ಆ ಮೇಜಿಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಹೇಳು,” ಎಂದಳು. “ಇವಳು ತುಂಬ ಚೆನ್ನಾಗಿ ಕೆಲಸ ಮಾಡ್ತಾಳೆ. ಅಷ್ಟೇ.”

“ರೇ, ಮೊಟ್ಟೆ ಆರ್ತಿದೆ.”

“ಆರ್ಲಿ.”

ಡೆಸ್ ಸುತ್ತ ನೋಡಿದ. ಯಾರೂ ನೆರವಿಗೆ ಬರಲಿಲ್ಲ. ತುಟಿ ಒದ್ದೆ ಮಾಡಿಕೊಂಡು, ಅಕ್ಷರ ಕಲಿಯುವವನಂತೆ ಹೇಳಿದ. ಇನ್ನೊಮ್ಮೆ ಎಂದಳು. ಹೇಳಿದ. ಮೂರನೆಯ ಸಲಕ್ಕೆ ಸರಾಗವಾಗಿಯೇ ಬಂತು. ತಟ್ಟೆ ಸಿಕ್ಕಿತು. ಗಂಡಸರೆಲ್ಲ ತಲೆ ತಗ್ಗಿಸಿ ತಿಂದರು, ಸಾವಿನ ಮನೆಯಲ್ಲಿ ತಿನ್ನುವಂತೆ.

ಸ್ಮೋಕೋ ಹೊತ್ತಿಗೆ ಫೋನು ಬಂತು. ರೇಲೀನ್ ಡೆಸ್‌ನ ಬೆನ್ನ ಹಿಂದೆಯೇ ನಿಂತಳು. ಕೆರೆನ್ಸಾ ಗೋಡೆಗೊರಗಿ ನೆಲ ನೋಡುತ್ತಿದ್ದಳು. ಮೇಲ್ವಿಚಾರಕ ನೇರವಾಗಿ ಕೇಳಿದ, ಹುಡುಗಿ ಹೇಗೆ.

“ಇವಳು ತುಂಬ ಚೆನ್ನಾಗಿ ಕೆಲಸ ಮಾಡ್ತಾಳೆ,” ಎಂದ ಡೆಸ್. ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಮೇಜಿನ ಕಡೆ ತಿರುಗಿದ. ಇಡೀ ತಂಡ ಅವನನ್ನು ನೋಡುತ್ತಿತ್ತು. ತಡೆದುಕೊಳ್ಳಲಾಗಲಿಲ್ಲ ಅವನಿಗೆ. “ಅಂತ ಹೇಳು ಅಂದಿದ್ದಾಳೆ ಅವಳಮ್ಮ,” ಎಂದ.

ಯಾರೋ ಕೆಮ್ಮಿದರು. ರೇಲೀನ್ ಕಣ್ಣು ಮುಚ್ಚಿದಳು.

ಆ ಕಡೆಯವನು ನಕ್ಕ. “ಅದಿರಲಿ. ಅವಳು ಅಲ್ಲಿಂದ ಬಂದ್ರೆ ನಿನಗೆ ಕಷ್ಟ ಆಗತ್ತಾ?”

ಒಳ್ಳೆಯ ಪ್ರಶ್ನೆ. ಉಣ್ಣೆಯವನೇ ಕೇಳಬಹುದಾದ ಪ್ರಶ್ನೆ. ಹೌದು, ಮೇಜು ನೋಡಿಕೊಳ್ಳಲು ಇನ್ನು ನನಗೆ ಯಾರೂ ಇಲ್ಲ ಎಂದಿದ್ದರೆ ಸಾಕಿತ್ತು.

“ಆಗತ್ತೆ ಮತ್ತೆ,” ಎಂದ ಡೆಸ್, ಎದೆಯಾಳದಿಂದ. “ಅಡುಗೆಗೆ ನನಗಿನ್ಯಾರು ಸಿಗ್ತಾರೆ?”

ಆಗ ಕೆರೆನ್ಸಾ ಮುಂದೆ ಬಂದಳು. ಡೆಸ್‌ನ ಪಕ್ಕಕ್ಕೆ ನಿಂತು ಫೋನಿಗೆ ಬಾಯಿಟ್ಟು, ನಾನು ಅಡುಗೆಗೆ ಅಲ್ಲ, ಉಣ್ಣೆಗೆ, ಬೇಕಿದ್ದರೆ ಒಂದು ವಾರ ಇಟ್ಟುಕೊಂಡು ನೋಡಿ ಎಂದಳು. ಮೇಲ್ವಿಚಾರಕ ಯೋಚಿಸಿ, ಬಾ, ಒಂದು ವಾರ ನೋಡೋಣ, ಕೆಲಸ ಕೊಡುತ್ತೇನೆಂದು ಹೇಳುತ್ತಿಲ್ಲ ಎಂದ. ಪುರಸ್ಕಾರ ಬಂದಿದ್ದರೆ ಅವರೇ ಕರೆಯಬೇಕಿದ್ದ ಹುಡುಗಿ, ಬಾಗಿಲು ಬಡಿದು ಒಂದು ವಾರ ಬೇಡಿ ಪಡೆದಳು.

“ಸೋಮವಾರ ನಾನೇ ಅವಳನ್ನ ಬಿಟ್ಟುಬರ್ತೀನಿ,” ಎಂದಳು ರೇಲೀನ್. “ವಾರ ಪೂರ್ತಿ ಅಲ್ಲೇ ಇರ್ತೀನಿ. ಆಮೇಲೂ ಅಡುಗೆಗೆ ಬರಲ್ಲ. ನನ್ನ ಕೈ ಮುಗೀತು.”

ಮಾತಾಡಿದ್ದು ಕಾಲ್. “ಮನೆಗೆ ಹೋಗಿ ಮಾತಾಡೋಣ, ರೇ.”

“ಮನೇಲಿ ನಾನು ಒಲೆ ಮುಂದೆ ಇರ್ತೀನಿ, ನೀನು ಟೀವಿ ಮುಂದೆ ಇರ್ತೀಯ. ಮಾತಾಡೋದು ಯಾವಾಗ?”

ಕಾಲ್‌ನ ಉತ್ತರಕ್ಕೆ ಅವಳು ಕಾಯಲಿಲ್ಲ. ಓವನ್ನಿನಲ್ಲಿ ಮಾಂಸ ಇತ್ತು. ಆಗ ಒಬ್ಬೊಬ್ಬರಾಗಿ ಎಲ್ಲರೂ, ಡೆಸ್, ಬ್ಲೂಯಿ, ಕಾಲ್ ಕೂಡ, ನನ್ನ ಕಡೆ ತಿರುಗಿದರು. ನಾನು ಮೂಲೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕೂತಿದ್ದೆ.

“ನಿನಗೆ ಸ್ಕೋನ್ ಬರತ್ತಲ್ಲ?” ಎಂದ ಡೆಸ್.

“ಬರಲ್ಲ,” ಎಂದೆ.

“ರೋಸ್ಟು?”

“ಅದೂ ಬರಲ್ಲ.”

ನಮ್ಮೂರಲ್ಲಿ ಯಾರೂ ತಮಗೆ ಬರುವುದನ್ನು ಬರುತ್ತದೆ ಎನ್ನುವುದಿಲ್ಲವಲ್ಲ. ನನ್ನ “ಬರಲ್ಲ”ವನ್ನೂ ಹಾಗೇ ತಿಳಿದು ಡೆಸ್‌ನ ಮುಖ ಅರಳಿತು. “ಹಾಗಾದ್ರೆ ಸರಿ. ಸೋಮವಾರಕ್ಕೆ ಹಿಟ್ಟು ತರಿಸ್ತೀನಿ,” ಎಂದು ಎದ್ದು ಶೆಡ್ಡಿಗೆ ಹೋದ. ನಾನು ಇಲ್ಲ ಎಂದು ಕೂಗಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಗಂಟೆ ಹೊಡೆದಿತ್ತು, ಯಂತ್ರಗಳು ಶುರುವಾಗಿದ್ದವು.

ಸೋಮವಾರ ಬೆಳಗ್ಗೆ ತಾಯಿ-ಮಗಳು ಪೋರ್ಟಿಗೆ ಹೊರಟರು. ಕೆರೆನ್ಸಾ ಓಡಿಸುತ್ತಿದ್ದಳು; ರೇಲೀನಳ ಬೆರಳು ಆ ಹೊತ್ತಿಗೆ ಸ್ಟಿಯರಿಂಗ್ ಹಿಡಿಯುವುದಿಲ್ಲ. ಇಬ್ಬರ ಮುಖದಲ್ಲೂ ನಗುವಿರಲಿಲ್ಲ. ಆ ವಾರ ಏನಾಗುತ್ತದೋ ಯಾರಿಗೆ ಗೊತ್ತು. ಅವರ ಗಾಡಿ ಕಣ್ಮರೆಯಾದ ಮೇಲೆ ನಾನು ನನ್ನ ಮನೆಯೊಳಗೆ ಬಂದು ನನಗೊಬ್ಬಳಿಗೆ ಚಹಾ ಮಾಡಿಕೊಂಡು ಕೂತೆ. ಶೆಡ್ಡಿಗೆ ಹೋಗಲಿಲ್ಲ. ಬರುವುದಿಲ್ಲವೆಂದು ಇನ್ನೊಮ್ಮೆ ಹೇಳಿ ಕಳಿಸಲೂ ಇಲ್ಲ. ಹೇಳಿ ಏನು ಉಪಯೋಗ? ಗಂಟೆ ಹೊಡೆದು, ಕೈ ತೊಳೆದು, ಹಸಿದು ಬಂದು ಅವರೇ ಖಾಲಿ ಮೇಜು ನೋಡಲಿ ಎಂದುಕೊಂಡೆ.